ಹಿಕ್ಕಿಯ ಹರಿಕಾರರು

ಜನವರಿ 29ನ್ನು ಭಾರತೀಯ ವೃತ್ತಪತ್ರಿಕಾ ದಿನವೆಂದು ಸ್ಮರಿಸುವ ವಾಡಿಕೆ ನಮ್ಮ ದೇಶದಲ್ಲಿದೆ. ಕನ್ನಡಿಗರಾದ ನಮಗೆ ಜುಲೈ 1 ಹೆಚ್ಚು ಪರಿಚಿತವಾದ ದಿನ. 1843ರ ಜುಲೈ 1ರಂದು ಮಂಗಳೂರಿನಲ್ಲಿ ಹರ್ಮನ್ ಮೋಗ್ಲಿಂಗ್ ಅವರ ‘ಮಂಗಳೂರ ಸಮಾಚಾರ’ ಹೊರಬಂದು ಕನ್ನಡ ಪತ್ರಿಕೋದ್ಯಮಕ್ಕೆ ನಾಂದಿಯಾಯಿತು. ಅದಕ್ಕೂ 63 ವರ್ಷಗಳ ಹಿಂದೆ, 1780ರ ಜನವರಿ 29ರ ಶನಿವಾರದಂದು, ಕಲ್ಕತ್ತೆಯಲ್ಲಿ ‘ಹಿಕ್ಕೀಸ್ ಬೆಂಗಾಲ್ ಗೆಜೆಟ್’ ಎಂಬ ವಾರಪತ್ರಿಕೆ ಜನ್ಮ ತಾಳಿತು. ಭಾರತದಲ್ಲಿ ಅಚ್ಚಾದ ಮೊದಲ ವೃತ್ತಪತ್ರಿಕೆ ಅದು. ಅದರ ಒಡೆಯ, ಸಂಪಾದಕ, ಮುದ್ರಕ ಎಲ್ಲವೂ ಒಬ್ಬನೇ. ಜೇಮ್ಸ್ ಅಗಸ್ಟಸ್ ಹಿಕ್ಕಿ.

ಶಾಲೆಯ ಸಾಮಾನ್ಯ ಜ್ಞಾನದ ಪುಸ್ತಕದಲ್ಲಿ ಒಂದು ಸಾಲಾಗಿ ಓದಿ ಮರೆತಿದ್ದ ಈ ಹೆಸರು ನನಗೆ ಮತ್ತೆ ನೆನಪಾದದ್ದು ತೀರ ಮನೆಯ ಕಾರಣಕ್ಕಾಗಿ. ನಾನು ಬ್ಯಾಂಕಿನ ವರ್ಗಾವಣೆಯ ಮೇಲೆ ಮುಂಬಯಿಗೆ ಬಂದು ನೆಲೆಸಿದಾಗ ನಮ್ಮ ಕಟ್ಟಡದಲ್ಲಿ ಹನ್ನೊಂದು ಕನ್ನಡ ಕುಟುಂಬಗಳಿದ್ದವು. ಹನ್ನೊಂದು ಮನೆಗೂ ಕನ್ನಡ ಪತ್ರಿಕೆ ಬರುತ್ತಿತ್ತು. ಇಂದು ಅದನ್ನು ತರಿಸುವವರು ಮೂರೇ ಮನೆಯವರು. ಆ ಮೂರು ಪ್ರತಿಗಳೂ ಒಂದು ದಿನ ಬಂದರೆ ಎರಡು ದಿನ ಬಾರವು. ಕೆಲವೊಮ್ಮೆ ನಾಲ್ಕು ದಿನಗಳ ಸಂಚಿಕೆಗಳು ಒಟ್ಟಿಗೆ ಬಂದು ಬಾಗಿಲಲ್ಲಿ ಬೀಳುತ್ತವೆ. ಪತ್ರಿಕೆ ನಿಂತಿಲ್ಲ, ಸಂಪಾದಕರು ಬರೆಯುವುದನ್ನು ಬಿಟ್ಟಿಲ್ಲ, ಮುದ್ರಣವೂ ನಡೆದಿದೆ. ಆದರೂ ನಮ್ಮ ಪಾಲಿಗೆ ಅದು ಇಲ್ಲದಂತೆಯೇ ಸರಿ. ಈ ಚಿಂತೆಯಲ್ಲಿದ್ದಾಗಲೇ ಹಿಕ್ಕಿಯ ಬದುಕಿನ ಕಥೆಯನ್ನು ವಿವರವಾಗಿ ಓದುವ ಅವಕಾಶ ದೊರೆಯಿತು. ನಮ್ಮ ದೇಶದ ಮೊದಲ ಪತ್ರಿಕೆಯ ಮೇಲೆ ಬಿದ್ದ ಮೊದಲ ಪೆಟ್ಟು ಬರವಣಿಗೆಯ ಮೇಲಾಗಲಿ ಮುದ್ರಣದ ಮೇಲಾಗಲಿ ಬಿದ್ದದ್ದಲ್ಲ, ಬಟವಾಡೆಯ ಮೇಲೆ ಬಿದ್ದದ್ದು ಎಂಬ ಸಂಗತಿ ನನ್ನನ್ನು ಬಹುವಾಗಿ ಕಾಡಿತು.

ಹಿಕ್ಕಿ ಹುಟ್ಟಿದ್ದು ಐರ್ಲೆಂಡಿನಲ್ಲಿ, ಸುಮಾರು 1740ರಲ್ಲಿ. ಎಳೆಯ ವಯಸ್ಸಿನಲ್ಲೇ ಲಂಡನ್ನಿಗೆ ಹೋಗಿ ವಿಲಿಯಂ ಫೇಡನ್ ಎಂಬ ಮುದ್ರಕನ ಬಳಿ ಕೆಲಸ ಕಲಿಯಲು ಸೇರಿದನು. ಆದರೆ ಆ ವೃತ್ತಿಯಲ್ಲಿ ನಿಲ್ಲಲಿಲ್ಲ. ಮುಂದೆ ವಕೀಲರೊಬ್ಬರ ಬಳಿ ಗುಮಾಸ್ತನಾದನು. ಅದನ್ನೂ ಬಿಟ್ಟು ವೈದ್ಯವೃತ್ತಿಯಲ್ಲಿ ಕೈಯಾಡಿಸಿದನು. ಯಾವುದೂ ಕೈಹಿಡಿಯದಾಗ 1772ರಲ್ಲಿ, ಇಂಡಿಯಾಕ್ಕೆ ಹೊರಟಿದ್ದ ಹಡಗೊಂದನ್ನು ಶಸ್ತ್ರವೈದ್ಯನ ಸಹಾಯಕನಾಗಿ ಏರಿದನು. ಅಂದಿನ ಇಂಗ್ಲೆಂಡಿನಲ್ಲಿ ನೆಲೆ ಕಾಣದ ಅನೇಕರಿಗೆ ಈಸ್ಟ್ ಇಂಡಿಯಾ ಕಂಪನಿಯ ಹಡಗೇ ಅದೃಷ್ಟ ಪರೀಕ್ಷೆಯ ದಾರಿಯಾಗಿತ್ತು.

ಕಲ್ಕತ್ತೆಗೆ ಬಂದಿಳಿದ ಹಿಕ್ಕಿ ವೈದ್ಯ ವೃತ್ತಿಯ ಜೊತೆಗೆ ವ್ಯಾಪಾರವನ್ನೂ ಆರಂಭಿಸಿದನು. ಸಾಲ ಪಡೆದು ಹಡಗಿನಲ್ಲಿ ಸರಕು ತುಂಬಿ ಕರಾವಳಿಯುದ್ದಕ್ಕೂ ಮಾರುವ ಉದ್ಯಮವದು. 1776ರ ವೇಳೆಗೆ ಅವನ ಹಡಗು ಹಾಳಾದ ಸರಕಿನೊಡನೆ ಬಂದರಿಗೆ ಮರಳಿತು. ಸಾಲಗಾರರು ಬಾಗಿಲಿಗೆ ಬಂದರು. ಬ್ಯಾಂಕಿನಲ್ಲಿ ದುಡಿಯುವ ನಮಗೆ ವಸೂಲಾಗದ ಸಾಲದ ಕಥೆಗಳು ಹೊಸವಲ್ಲ. ಆದರೆ ಅಂದಿನ ಕಾನೂನು ಸಾಲ ತೀರಿಸದವನನ್ನು ಸೆರೆಮನೆಗೇ ತಳ್ಳುತ್ತಿತ್ತು. 1776ರ ಅಕ್ಟೋಬರಿನಲ್ಲಿ ಹಿಕ್ಕಿ ಕಲ್ಕತ್ತೆಯ ಸೆರೆಮನೆ ಸೇರಿದನು.

ಮನುಷ್ಯನ ಬದುಕಿನಲ್ಲಿ ಎಂದೋ ಕಲಿತು ಬಿಟ್ಟ ವಿದ್ಯೆ ಕಷ್ಟಕಾಲದಲ್ಲಿ ಕೈಹಿಡಿಯುವುದುಂಟು. ಲಂಡನ್ನಿನ ಅಚ್ಚುಕೂಟದಲ್ಲಿ ಹುಡುಗನಾಗಿದ್ದಾಗ ಕಲಿತದ್ದು ಹಿಕ್ಕಿಗೆ ಆಗ ನೆನಪಾಯಿತು. ಸೆರೆಯಲ್ಲಿದ್ದುಕೊಂಡೇ ಮುದ್ರಣಯಂತ್ರ, ಅಚ್ಚುಮೊಳೆಗಳನ್ನು ಹೊಂದಿಸಿಕೊಂಡು 1777ರ ಹೊತ್ತಿಗೆ ಸಣ್ಣಪುಟ್ಟ ಮುದ್ರಣದ ಕೆಲಸಗಳನ್ನು ಆರಂಭಿಸಿದನು. ಮರುವರ್ಷ, ಹೆಸರಿನಲ್ಲಿ ಅವನನ್ನೇ ಹೋಲುತ್ತಿದ್ದರೂ ಸಂಬಂಧಿಯಲ್ಲದ ವಿಲಿಯಂ ಹಿಕ್ಕಿ ಎಂಬ ವಕೀಲರ ನೆರವಿನಿಂದ ಸಾಲದ ಬಂಧನದಿಂದ ಪಾರಾಗಿ ಹೊರಬಂದನು. ಅನಂತರ ಸೇನಾಧಿಪತಿ ಐರ್ ಕೂಟ್ ಅವರಿಂದ ಕಂಪನಿ ಸೈನ್ಯದ ನಿಯಮಾವಳಿಗಳನ್ನು ಅಚ್ಚು ಹಾಕಿಕೊಡುವ ದೊಡ್ಡ ಕೆಲಸ ದೊರೆಯಿತು. ದುಡಿದದ್ದಕ್ಕೆ ಸಲ್ಲಬೇಕಾದ ಹಣ ಮಾತ್ರ ವರ್ಷಗಟ್ಟಲೆ ಕಚೇರಿಯ ಕಡತಗಳಲ್ಲೇ ಉಳಿಯಿತು. ಅಧಿಕಾರಿಗಳನ್ನು ನಂಬಿ ಕುಳಿತರೆ ಹೊಟ್ಟೆ ತುಂಬದೆಂಬುದನ್ನು ಮನಗಂಡು ಅವನು ನೇರವಾಗಿ ಜನರನ್ನೇ ನಂಬುವ ಉದ್ಯಮಕ್ಕೆ ಕೈಹಾಕಿದನು. ಅದೇ ವೃತ್ತಪತ್ರಿಕೆ.

‘ಬೆಂಗಾಲ್ ಗೆಜೆಟ್’ ನಾಲ್ಕು ಪುಟಗಳ ಚಿಕ್ಕ ಪತ್ರಿಕೆ. ಪ್ರತಿ ಶನಿವಾರ ಹೊರಬರುತ್ತಿತ್ತು. ಜಾಹೀರಾತುಗಳು, ಹಡಗುಗಳ ಆಗಮನ ನಿರ್ಗಮನ, ಯೂರೋಪಿನಿಂದ ತಿಂಗಳುಗಟ್ಟಲೆ ತಡವಾಗಿ ತಲುಪಿದ ವಾರ್ತೆಗಳು, ಓದುಗರ ಪತ್ರಗಳು, ಒಂದಿಷ್ಟು ಪದ್ಯ, ಮತ್ತೊಂದಿಷ್ಟು ವಿನೋದ ಅದರಲ್ಲಿರುತ್ತಿದ್ದವು. ಕಲ್ಕತ್ತೆಯ ರಸ್ತೆಗಳ ದುರವಸ್ಥೆ, ಊರಿನ ನೈರ್ಮಲ್ಯ ಇವುಗಳ ಬಗೆಗೂ ಬರಹಗಳು ಬಂದವು. ಯಾವ ಪಕ್ಷದವರಿಗೂ ಪುಟಗಳು ತೆರೆದಿರುವವು, ಆದರೆ ಯಾರ ಪ್ರಭಾವಕ್ಕೂ ಪತ್ರಿಕೆ ಒಳಗಾಗದು ಎಂಬುದು ಅದರ ಘೋಷಿತ ನೀತಿಯಾಗಿತ್ತು. ಓದುಗರು ಹೆಚ್ಚಾಗಿ ಕಂಪನಿಯ ನೌಕರರು, ಸೈನಿಕರು, ವರ್ತಕರು. ವಾರಕ್ಕೆ ಸುಮಾರು 400 ಪ್ರತಿಗಳು ಖರ್ಚಾಗುತ್ತಿದ್ದಿರಬಹುದೆಂದು ಅಂದಾಜಿದೆ.

ಆ ವರ್ಷವೇ ದಕ್ಷಿಣದಲ್ಲಿ ನಮ್ಮ ಹೈದರಾಲಿ ಕರ್ನಾಟಿಕ್ ಪ್ರಾಂತದ ಮೇಲೆ ದಂಡೆತ್ತಿ ಹೋದನು. 1780ರ ಸೆಪ್ಟೆಂಬರ್ 10ರಂದು ಪೊಳ್ಳಿಲೂರಿನಲ್ಲಿ ಕರ್ನಲ್ ಬೈಲಿಯ ಪಡೆ ಸಂಪೂರ್ಣವಾಗಿ ಸೋತಿತು. ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯ ಗೋಡೆಯ ಮೇಲೆ ಈ ಯುದ್ಧದ ವರ್ಣಚಿತ್ರವನ್ನು ನಮ್ಮಲ್ಲಿ ಅನೇಕರು ಕಂಡಿದ್ದೇವೆ. ಆ ಸೋಲಿನ ವಾರ್ತೆ ಕಲ್ಕತ್ತೆಯ ಇಂಗ್ಲಿಷರನ್ನು ತಲ್ಲಣಗೊಳಿಸಿತು. ಅಧಿಕಾರಿಗಳು ಒಳಗೊಳಗೇ ಇಟ್ಟುಕೊಳ್ಳಲು ಬಯಸುತ್ತಿದ್ದ ಯುದ್ಧದ ಸಂಗತಿಗಳು, ರಣಭೂಮಿಯ ಕಡೆಯಿಂದ ಬಂದ ಪತ್ರಗಳ ಮೂಲಕ ಹಿಕ್ಕಿಯ ಪುಟಗಳಲ್ಲಿ ಕಾಣಿಸಿಕೊಂಡವು. ಹೀಗೆ ಭಾರತದ ಮೊದಲ ಪತ್ರಿಕೆಯ ಮೊದಲ ದೊಡ್ಡ ಯುದ್ಧವಾರ್ತೆ ಮೈಸೂರು ಸೀಮೆಯ ಸೈನ್ಯಕ್ಕೆ ಸಂಬಂಧಿಸಿದ್ದಾಗಿತ್ತು.

ಪತ್ರಿಕೆ ಬರೆಯುವುದು ಒಂದು ಕೆಲಸ, ತಲುಪಿಸುವುದು ಮತ್ತೊಂದು. ಊರೊಳಗಿನ ಪ್ರತಿಗಳನ್ನು ಆಳುಗಳ ಕೈಲಿ ಕಳುಹಿಸಬಹುದು. ಆದರೆ ಒಳನಾಡಿನ ದಂಡುಗಳಲ್ಲಿ, ಕಂಪನಿಯ ಕೋಠಿಗಳಲ್ಲಿ ಕುಳಿತ ಓದುಗರಿಗೆ ಪತ್ರಿಕೆ ತಲುಪಬೇಕಾದರೆ ಅಂಚೆಯೊಂದೇ ಗತಿ. ಅಂದಿನ ಅಂಚೆಯೆಂದರೆ ಹೆಗಲ ಮೇಲೆ ಚೀಲ ಹೊತ್ತು ಒಂದು ಹಂತದಿಂದ ಇನ್ನೊಂದು ಹಂತಕ್ಕೆ ಓಡುವ ಕಾಲಾಳುಗಳ ಸಾಲು. ಕಂಪನಿಯ ಕಾಗದಗಳಿಗಷ್ಟೇ ಮೀಸಲಾಗಿದ್ದ ಈ ಅಂಚೆಯನ್ನು 1774ರಲ್ಲಿ ಸಾರ್ವಜನಿಕರಿಗೆ ತೆರೆದವನು ಗವರ್ನರ್ ಜನರಲ್ ವಾರೆನ್ ಹೇಸ್ಟಿಂಗ್ಸ್. ನೂರು ಮೈಲಿಗೆ ಎರಡಾಣೆಯಂತೆ ದರ ಗೊತ್ತುಪಡಿಸಿ, ಅದಕ್ಕಾಗಿ ತಾಮ್ರದ ಬಿಲ್ಲೆಗಳನ್ನೂ ಮಾಡಿಸಿದ್ದನು. ಆಡಳಿತಗಾರನಾಗಿ ಇದು ಅವನು ಮಾಡಿದ ಒಳ್ಳೆಯ ಕೆಲಸಗಳಲ್ಲಿ ಒಂದು. ಆರು ವರ್ಷ ಕಳೆಯುವಷ್ಟರಲ್ಲಿ ಅದೇ ಬಾಗಿಲನ್ನು ಒಬ್ಬನ ಪಾಲಿಗೆ ಮುಚ್ಚಿದವನೂ ಅವನೇ ಆದದ್ದು ವಿಪರ್ಯಾಸ.

ಆದದ್ದು ಹೀಗೆ. ಹಿಕ್ಕಿಗೆ ಪ್ರತಿಸ್ಪರ್ಧಿಯಾಗಿ ‘ಇಂಡಿಯಾ ಗೆಜೆಟ್’ ಎಂಬ ಎರಡನೆಯ ಪತ್ರಿಕೆಯನ್ನು ಮೆಸಿಂಕ್ ಮತ್ತು ರೀಡ್ ಎಂಬಿಬ್ಬರು ಸಿದ್ಧಗೊಳಿಸುತ್ತಿದ್ದರು. ಸರಕಾರದ ಕೃಪೆ ಅವರ ಮೇಲಿತ್ತು. ತಾನು ಸೈಮಿಯನ್ ಡ್ರೋಜ್ ಎಂಬ ಅಧಿಕಾರಿಗೂ ಹೇಸ್ಟಿಂಗ್ಸನ ಪತ್ನಿಗೂ ಲಂಚ ಕೊಡಲೊಪ್ಪದ್ದರಿಂದಲೇ ಡ್ರೋಜ್ ಆ ಪ್ರತಿಸ್ಪರ್ಧಿಗಳಿಗೆ ಬೆಂಬಲವಾಗಿ ನಿಂತಿದ್ದಾನೆಂದು ಹಿಕ್ಕಿ ತನ್ನ ಪತ್ರಿಕೆಯಲ್ಲಿ ಆರೋಪಿಸಿದನು. ಗವರ್ನರ್ ಜನರಲ್ಲನ ಮನೆಯೊಳಕ್ಕೇ ಕೈಚಾಚಿದ ಈ ಆರೋಪಕ್ಕೆ ಉತ್ತರ ತಡವಾಗಲಿಲ್ಲ. 1780ರ ನವೆಂಬರ್ 14ರಂದು ಫೋರ್ಟ್ ವಿಲಿಯಂನಿಂದ ಆಜ್ಞೆ ಹೊರಟಿತು. ಖಾಸಗಿ ವ್ಯಕ್ತಿಗಳ ಮಾನಹಾನಿ ಮಾಡಿ ವಸಾಹತಿನ ಶಾಂತಿಯನ್ನು ಕದಡುತ್ತಿದೆಯೆಂಬ ಕಾರಣವನ್ನೊಡ್ಡಿ, ‘ಬೆಂಗಾಲ್ ಗೆಜೆಟ್’ ಅನ್ನು ಇನ್ನು ಮುಂದೆ ಜನರಲ್ ಪೋಸ್ಟ್ ಆಫೀಸಿನ ಮೂಲಕ ಸಾಗಿಸಕೂಡದೆಂದು ವಿಧಿಸಲಾಯಿತು. ಅದೇ ತಿಂಗಳಲ್ಲಿ ಹುಟ್ಟಿದ ‘ಇಂಡಿಯಾ ಗೆಜೆಟ್’ಗೆ ಅಂಚೆಯ ವೆಚ್ಚದಿಂದಲೇ ವಿನಾಯಿತಿ ದೊರೆಯಿತು.

ಈ ಆಜ್ಞೆಯ ಸೂಕ್ಷ್ಮವನ್ನು ಗಮನಿಸಬೇಕು. ಹಿಕ್ಕಿ ಬರೆಯಬಾರದೆಂದು ಅದು ಹೇಳಲಿಲ್ಲ. ಅಚ್ಚು ಹಾಕಬಾರದೆಂದೂ ಹೇಳಲಿಲ್ಲ. ಅವನು ಎಷ್ಟು ಬೇಕಾದರೂ ಅಚ್ಚು ಹಾಕಿ ರಾಶಿ ಹಾಕಿಕೊಳ್ಳಬಹುದಾಗಿತ್ತು. ಓದುಗನ ಕೈಸೇರದ ಪತ್ರಿಕೆ ಮಸಿ ಬಳಿದ ಕಾಗದವಲ್ಲದೆ ಬೇರೇನೂ ಅಲ್ಲವೆಂಬುದನ್ನು ಹೇಸ್ಟಿಂಗ್ಸ್ ಚೆನ್ನಾಗಿ ಅರಿತಿದ್ದನು.

ಹಿಕ್ಕಿಯೂ ಅದನ್ನು ಅರಿತಿದ್ದನು. ಅವನು ಕೈಕಟ್ಟಿ ಕುಳಿತುಕೊಳ್ಳಲಿಲ್ಲ. ಕಲ್ಕತ್ತೆಯೊಳಗಿನ ಓದುಗರಿಗೆ ಪತ್ರಿಕೆ ತಲುಪಿಸಲು 20 ಮಂದಿ ಹರಕಾರರನ್ನು ತನ್ನ ಸ್ವಂತ ಖರ್ಚಿನಲ್ಲಿ ನೇಮಿಸಿಕೊಂಡನು. ಹರಕಾರನೆಂದರೆ ಸುದ್ದಿ, ಕಾಗದಪತ್ರಗಳನ್ನು ಒಯ್ದು ಮುಟ್ಟಿಸುವ ಓಲೆಕಾರ. ಇದೇ ಪದ ನಮ್ಮ ಕನ್ನಡದಲ್ಲಿ ಹರಿಕಾರನಾಗಿದೆ. ಇಂದು ನಾವು ಯಾವುದೇ ಹೊಸ ಕಾರ್ಯಕ್ಕೆ ಮೊದಲಿಗರಾದವರನ್ನು ಹರಿಕಾರರೆಂದು ಗೌರವಿಸುತ್ತೇವೆ. ಮೂಲದಲ್ಲಿ ಅದು ಬಿಸಿಲು ಮಳೆಯೆನ್ನದೆ ಓಡಾಡುತ್ತಿದ್ದ ಬಡ ಆಳಿನ ಹೆಸರು ಎಂಬುದು ಮರೆತುಹೋಗಿದೆ. ಮುಂದೆ ಅದೇ ಕಲ್ಕತ್ತೆಯಲ್ಲಿ ‘ಬೆಂಗಾಲ್ ಹರ್ಕಾರು’ ಎಂಬ ಪತ್ರಿಕೆಯೇ ಹೊರಟು ಬಹುಕಾಲ ಬಾಳಿತು. ಪತ್ರಿಕೋದ್ಯಮದ ಹರಿಕಾರನೆಂದು ನಾವು ಹಿಕ್ಕಿಯನ್ನು ಕರೆಯುವುದಾದರೆ, ಅವನ ಪತ್ರಿಕೆಯನ್ನು ಮನೆಮನೆಗೆ ಮುಟ್ಟಿಸಿದ, ಹೆಸರು ಸಹ ಉಳಿಯದ ಆ 20 ಮಂದಿ ಎರಡೂ ಅರ್ಥದಲ್ಲಿ ಹರಿಕಾರರು.

ಊರೊಳಗಿನ ಓದುಗರು ಹೀಗೆ ಉಳಿದರು. ಆದರೆ ದೂರದ ಊರುಗಳ ಓದುಗರನ್ನು ಕಾಲಾಳುಗಳ ಬಲದಿಂದ ಉಳಿಸಿಕೊಳ್ಳುವುದು ಒಬ್ಬನಿಂದ ಆಗುವ ಕೆಲಸವಾಗಿರಲಿಲ್ಲ. ಆದಾಯ ಇಳಿಯಿತು, ಖರ್ಚು ಏರಿತು. ಅದರೊಡನೆ ಹಿಕ್ಕಿಯ ಲೇಖನಿಯ ಕಾವೂ ಏರಿತು. ಹೇಸ್ಟಿಂಗ್ಸನ ಆಡಳಿತವನ್ನು ದಬ್ಬಾಳಿಕೆಯೆಂದು ಜರೆದನು. ಮುಖ್ಯ ನ್ಯಾಯಾಧೀಶ ಎಲೈಜಾ ಇಂಪೆ ಲಂಚಕೋರನೆಂದನು. ಮಿಷನರಿ ಕಿಯರ್ನಾಂಡರ್ ಅನಾಥರ ನಿಧಿಯನ್ನು ದುರುಪಯೋಗಪಡಿಸಿಕೊಂಡನೆಂದು ಬರೆದನು.

ಇಲ್ಲಿ ಹಿಕ್ಕಿಯ ದೋಷವನ್ನೂ ಹೇಳದಿದ್ದರೆ ಅವನ ಚರಿತ್ರೆ ಪೂರ್ಣವಾಗದು. ಅವನು ಬರೆದದ್ದೆಲ್ಲವೂ ಸಾರ್ವಜನಿಕ ಹಿತಕ್ಕಾಗಿ ಬರೆದದ್ದಲ್ಲ. ದೊಡ್ಡವರಿಗೆ ಅಡ್ಡಹೆಸರುಗಳನ್ನಿಟ್ಟು ಗೇಲಿ ಮಾಡುವುದು, ಜನರ ಖಾಸಗಿ ಬದುಕನ್ನು ಬೀದಿಗೆಳೆಯುವುದು ಅವನ ಪತ್ರಿಕೆಯಲ್ಲಿ ಧಾರಾಳವಾಗಿತ್ತು. ಸುಸಂಸ್ಕೃತ ಮನೆಗಳಲ್ಲಿ ಗಟ್ಟಿಯಾಗಿ ಓದಲಾಗದ ಸಾಲುಗಳನ್ನೂ ಅವನು ಅಚ್ಚು ಹಾಕಿದನು. ಭಾರತೀಯರ ಬದುಕಿಗೆ ಅಲ್ಲಿ ದೊರೆತ ಸ್ಥಾನವೂ ಅಲ್ಪವೇ. ಆದರೂ ಆಳುವವರ ತಪ್ಪನ್ನು ಆಳಿಸಿಕೊಳ್ಳುವವರು ಅಚ್ಚಿನಲ್ಲಿ ಎತ್ತಿ ಆಡಬಹುದು ಎಂಬ ಧೈರ್ಯವನ್ನು ಈ ನೆಲದಲ್ಲಿ ಮೊದಲು ತೋರಿದವನು ಅವನೇ. ಗುಣದೋಷಗಳು ಒಂದೇ ನಾಣ್ಯದ ಎರಡು ಮುಖಗಳಂತೆ ಅವನಲ್ಲಿ ಬೆರೆತಿದ್ದವು.

1781ರ ಜೂನ್‌ನಲ್ಲಿ ಹೇಸ್ಟಿಂಗ್ಸ್ ಮತ್ತು ಕಿಯರ್ನಾಂಡರ್ ಹೂಡಿದ ಮಾನನಷ್ಟ ಮೊಕದ್ದಮೆಗಳು ಸುಪ್ರೀಂ ಕೋರ್ಟಿನ ಮುಂದೆ ಬಂದವು. ಪೀಠದಲ್ಲಿದ್ದವನು ಹಿಕ್ಕಿಯ ಟೀಕೆಗೆ ಗುರಿಯಾಗಿದ್ದ ಇಂಪೆಯೇ. ಹಿಕ್ಕಿ ತಪ್ಪಿತಸ್ಥನೆಂದು ತೀರ್ಮಾನವಾಗಿ ದಂಡವೂ ಸೆರೆವಾಸವೂ ವಿಧಿಸಲ್ಪಟ್ಟವು. ಸೆರೆಮನೆಯಲ್ಲೇ ಮುದ್ರಕನಾದವನಿಗೆ ಸೆರೆಮನೆ ಹೊಸದಾಗಿರಲಿಲ್ಲ. ಅಲ್ಲಿಂದಲೇ ವಾರ ವಾರವೂ ಪತ್ರಿಕೆಯನ್ನು ಹೊರಡಿಸುತ್ತಾ ಹೋದನು, ದನಿ ತಗ್ಗಿಸಲಿಲ್ಲ. ಮತ್ತೆ ಮೊಕದ್ದಮೆಗಳು ಬಂದವು. ಕಡೆಗೆ ನ್ಯಾಯಾಲಯದ ಆಜ್ಞೆಯಂತೆ ಅವನ ಅಚ್ಚುಮೊಳೆಗಳನ್ನೇ ವಶಪಡಿಸಿಕೊಳ್ಳಲಾಯಿತು. 1782ರ ಮಾರ್ಚ್ 30ಕ್ಕೆ ‘ಬೆಂಗಾಲ್ ಗೆಜೆಟ್’ ನಿಂತುಹೋಯಿತು. ಅದರ ಆಯುಸ್ಸು ಎರಡು ವರ್ಷ ಎರಡು ತಿಂಗಳು.

ಹೇಸ್ಟಿಂಗ್ಸ್ ಭಾರತವನ್ನು ಬಿಟ್ಟು ಹೊರಡುವ ಮುನ್ನ, 1784ರ ಕ್ರಿಸ್ಮಸ್ ಸಮಯಕ್ಕೆ, ಹಿಕ್ಕಿ ತನಗೆ ಕೊಡಬೇಕಾಗಿದ್ದ ಹಣವನ್ನು ಮನ್ನಾ ಮಾಡಿದನು. ಆಗ ಹಿಕ್ಕಿಗೆ ಬಿಡುಗಡೆಯಾಯಿತು. ಮುಂದೆ ಇಂಗ್ಲೆಂಡಿನಲ್ಲಿ ಹೇಸ್ಟಿಂಗ್ಸನೇ ಪಾರ್ಲಿಮೆಂಟಿನ ಮುಂದೆ ಆರೋಪಿಯಾಗಿ ನಿಂತನು. 1788ರಲ್ಲಿ ಆರಂಭವಾದ ವಿಚಾರಣೆ 1795ರವರೆಗೆ ನಡೆದು ಅವನು ದೋಷಮುಕ್ತನಾದನು. ಹಿಕ್ಕಿಗೆ ಮಾತ್ರ ಚೇತರಿಕೆ ದೊರೆಯಲಿಲ್ಲ. ಸೆರೆವಾಸದಿಂದ ಆರೋಗ್ಯ ಕೆಟ್ಟಿತ್ತು, ಯಂತ್ರವಿಲ್ಲ, ಪತ್ರಿಕೆಯಿಲ್ಲ. ಉಳಿದ ವರ್ಷಗಳು ಬಡತನದಲ್ಲೇ ಸರಿದವು. 1802ರಲ್ಲಿ ಚೀನಾ ಕಡೆಗೆ ಹೊರಟಿದ್ದ ಹಡಗಿನಲ್ಲಿ ಅವನು ತೀರಿಕೊಂಡನು. ಹಡಗಿನಲ್ಲಿ ಬಂದವನು ಹಡಗಿನಲ್ಲೇ ಹೋದನು. ಅಷ್ಟರಲ್ಲಿ ಮದ್ರಾಸಿನಲ್ಲಿ 1785ರಲ್ಲಿ, ಮುಂಬಯಿಯಲ್ಲಿ 1789ರಲ್ಲಿ ಪತ್ರಿಕೆಗಳು ಹುಟ್ಟಿದ್ದವು. ಅವನು ತೆರೆದ ದಾರಿ ಮುಚ್ಚಲಿಲ್ಲ.

ಹಿಕ್ಕಿಯ ಕಥೆ ಇಲ್ಲಿಗೆ ಮುಗಿಯುತ್ತದೆ. ಇಂದು ನಮ್ಮ ಪತ್ರಿಕೆಯನ್ನು ಯಾವ ಗವರ್ನರ್ ಜನರಲ್ಲನೂ ತಡೆದಿಲ್ಲ. ತಡೆಯುತ್ತಿರುವುದು ಬರಿಯ ಲೆಕ್ಕ. ಒಂದು ಬೀದಿಯಲ್ಲಿ ನೂರು ಪತ್ರಿಕೆ ಹಾಕುವ ಹುಡುಗನಿಗೆ ದಿನದ ಕೂಲಿ ಗಿಟ್ಟುತ್ತದೆ. ಮೂರು ಪ್ರತಿಗಳಿಗಾಗಿ ಆರು ಮಹಡಿ ಹತ್ತುವವನಿಗೆ ಚಹಾದ ಹಣವೂ ಹುಟ್ಟದು. ಓದುಗರು ಕಡಿಮೆಯಾದಂತೆ ಬಟವಾಡೆ ಅಸ್ತವ್ಯಸ್ತವಾಗುತ್ತದೆ. ಬಟವಾಡೆ ಕೆಟ್ಟಂತೆ ಉಳಿದ ಓದುಗರೂ ಬೇಸತ್ತು ಬಿಡುತ್ತಾರೆ. 2020ರ ಲಾಕ್‌ಡೌನ್ ಕಾಲದಲ್ಲಿ ನಮ್ಮ ನಗರದಲ್ಲಿ ಮನೆಮನೆಗೆ ಪತ್ರಿಕೆ ಹಂಚುವುದು ಕೆಲವು ವಾರ ನಿಂತಿತ್ತು. ಆಗ ಬಿಟ್ಟವರಲ್ಲಿ ನಮ್ಮ ಕಟ್ಟಡದ ಕೆಲವು ಮನೆಗಳವರು ಮರಳಿ ತರಿಸಲೇ ಇಲ್ಲ. ಮೊಬೈಲಿನಲ್ಲಿ ಎಲ್ಲವೂ ಸಿಗುತ್ತದೆಂದು ಮಕ್ಕಳು ಹೇಳುತ್ತಾರೆ; ಅದು ಸುಳ್ಳೂ ಅಲ್ಲ. ಈ ಬರಹವನ್ನೂ ತಾವು ಓದುತ್ತಿರುವುದು ಪರದೆಯ ಮೇಲೆಯೇ.

ಆದರೆ ನಮ್ಮ ಮೇಲಿನ ಮಹಡಿಯಲ್ಲಿ ಎಂಬತ್ತು ದಾಟಿದ ಹಿರಿಯರೊಬ್ಬರಿದ್ದಾರೆ. ರೈಲ್ವೆಯಲ್ಲಿ ದುಡಿದು ನಿವೃತ್ತರಾದವರು. ಬೆಳಗಿನ ಕಾಫಿಯ ನಂತರ ಭೂತಗನ್ನಡಿ ಹಿಡಿದು ಕನ್ನಡ ಪತ್ರಿಕೆಯನ್ನು ಮೊದಲಕ್ಷರದಿಂದ ಕೊನೆಯವರೆಗೆ ಓದುವುದು ಅವರ ದಿನಚರಿ. ಅವರ ಮೊಮ್ಮಗಳು ಕನ್ನಡದ ಅಕ್ಷರಗಳನ್ನು ಕಲಿತದ್ದು ಅವರ ತೊಡೆಯ ಮೇಲೆ ಕುಳಿತು, ಅದೇ ಪತ್ರಿಕೆಯ ದಪ್ಪ ತಲೆಬರಹಗಳ ಮೇಲೆ ಬೆರಳಿಟ್ಟು. ಪತ್ರಿಕೆ ಬಾರದ ದಿನ ಅವರು ಮೂರು ನಾಲ್ಕು ಸಲ ಬಾಗಿಲು ತೆರೆದು ನೋಡುತ್ತಾರೆ. ಊರನ್ನು ಬಿಟ್ಟು ಬಂದ ನಮಗೆ ಪತ್ರಿಕೆಯೆಂದರೆ ಕೇವಲ ಸುದ್ದಿಯಲ್ಲ, ದಿನವೂ ಮನೆಗೆ ಬರುವ ಊರಿನ ಮನುಷ್ಯ ಎಂಬುದು ಆ ಬಾಗಿಲ ಸಪ್ಪಳ ಕೇಳಿದಾಗ ನನಗೆ ಅರಿವಾಯಿತು.

ಹಿಕ್ಕಿಯನ್ನು ಓದಿದ ಮೇಲೆ ನಾವು ಮೂರು ಮನೆಯವರು ಕುಳಿತು ಮಾತನಾಡಿದೆವು. ಸುತ್ತಲಿನ ನಾಲ್ಕು ಕಟ್ಟಡಗಳಲ್ಲಿ ವಿಚಾರಿಸಿದಾಗ, ಪತ್ರಿಕೆ ಸರಿಯಾಗಿ ಬಾರದೆಂಬ ಒಂದೇ ಕಾರಣಕ್ಕೆ ಬಿಟ್ಟ ಆರು ಮನೆಗಳು ದೊರೆತವು. ಒಟ್ಟು ಒಂಬತ್ತಾಯಿತು. ಪತ್ರಿಕೆಯ ಬೆಲೆಯಲ್ಲದೆ ತಂದು ಹಾಕುವ ಹುಡುಗನಿಗೆಂದೇ ಪ್ರತ್ಯೇಕವಾಗಿ ಒಂದಿಷ್ಟು ಹಣವನ್ನು ಪ್ರತಿ ತಿಂಗಳ ಒಂದನೆಯ ತಾರೀಖಿಗೆ ತಪ್ಪದೆ ಕೊಡುವುದೆಂದು ನಿಶ್ಚಯಿಸಿದೆವು. ಅವನ ಹೆಸರು, ಊರು ಕೇಳಿ ತಿಳಿದುಕೊಂಡೆವು. ಇಷ್ಟು ವರ್ಷ ನಮ್ಮಲ್ಲಿ ಯಾರೂ ಅದನ್ನು ಕೇಳಿರಲಿಲ್ಲ. ಈಗ ವಾರಕ್ಕೆ ಐದು ದಿನವಾದರೂ ಪತ್ರಿಕೆ ಹೊತ್ತಿಗೆ ಸರಿಯಾಗಿ ಬರುತ್ತಿದೆ. ಉಳಿದೆರಡು ದಿನ ನಮ್ಮಲ್ಲೊಬ್ಬರು ಸ್ಟೇಷನ್ ಬಳಿಯ ಅಂಗಡಿಗೆ ಹೋಗಿ ಒಂಬತ್ತು ಪ್ರತಿಗಳನ್ನೂ ತರುತ್ತೇವೆ.

ಇದೊಂದು ಮಹತ್ಸಾಧನೆಯಲ್ಲ. ಕಾಗದದ ಪತ್ರಿಕೆ ಇನ್ನೆಷ್ಟು ವರ್ಷ ಉಳಿದೀತೆಂದು ಬಲ್ಲವರಾರು? ಆದರೆ ಅದು ಇರುವಷ್ಟು ಕಾಲವಾದರೂ, ಅದನ್ನು ಬರೆಯುವವರನ್ನು ನೆನೆಯುವಂತೆ ಹೊತ್ತು ತರುವವರನ್ನೂ ನೆನೆಯೋಣ. ಮುಂದಿನ ಜನವರಿ 29ರಂದು ಹಿಕ್ಕಿಯನ್ನು ಸ್ಮರಿಸುವಾಗ, ಅಂಚೆಯ ಬಾಗಿಲು ಮುಚ್ಚಿದ ಮೇಲೂ ಕಲ್ಕತ್ತೆಯ ಬೀದಿಗಳಲ್ಲಿ ನಡೆದ ಆ 20 ಹರಿಕಾರರಿಗೂ ಒಂದು ನಮಸ್ಕಾರ ಸಲ್ಲಲಿ. ಹಾಗೆಯೇ ನಾಳೆ ಮುಂಜಾನೆ ತಮ್ಮ ಬಾಗಿಲಿಗೆ ಪತ್ರಿಕೆ ತರುವವನ ಹೆಸರನ್ನೊಮ್ಮೆ ಕೇಳಿರಿ ಎಂಬುದು ಓದುಗ ಬಂಧುಗಳಲ್ಲಿ ನನ್ನ ವಿನಂತಿ.